ಅಮಾವಾಸ್ಯೆಗೆ ಮುಂಚಿನ ಬೀದರ್

ಮೊನ್ನೆ ಬೆಳಗ್ಗೆ ಬೀದರಿನ ನೌಬಾದದಲ್ಲಿ ಸೋದರತ್ತೆಯ ಮನೆಯಲ್ಲಿ ನುಚ್ಚು ಬೇಯುತ್ತಿತ್ತು. ಜೋಳದ ನುಚ್ಚು, ಮೇಲೆ ಒಂದು ಚಿಟಿಕೆ ಅಜಿವಾನ, ಅಂದರೆ ಓಂಕಾಳು. ಅತ್ತೆ ಹಲ್ಲು ಕೀಳಿಸಿಕೊಂಡಿದ್ದಾಳೆ, ರೊಟ್ಟಿ ಅಗಿಯಲು ಆಗುತ್ತಿಲ್ಲ, ಅಷ್ಟೇ ವಿಷಯ. ಹಾಸಿಗೆಯಿಂದ ಎದ್ದು ಅಡುಗೆಮನೆಯ ಬಾಗಿಲವರೆಗೆ ಹೋದವಳು ವಾಸನೆ ಬಡಿದು ಅಲ್ಲೇ ನಿಂತುಬಿಟ್ಟೆ. ಅತ್ತೆ ತಿರುಗಿ ನೋಡಿದಳು. ಅವಳಿಗೂ ನೆನಪಾಗಿದ್ದು ಮುಖದಲ್ಲೇ ಗೊತ್ತಾಯಿತು.

"ಉಪ್ಪು ಹಾಕೀನಿ," ಅಂದಳು. ನಾನು ಏನೂ ಕೇಳಿರಲಿಲ್ಲ.

ನಾನು ದಿನಚರಿ ಬರೆಯುವವಳು. ತಾರೀಕು, ಮಳೆ, ಯಾರು ಬಂದರು, ಎಷ್ಟು ರೊಟ್ಟಿ ಬಡಿದೆವು, ಇಂಥವನ್ನು ಬರೆಯುತ್ತೇನೆ. ಮನಸ್ಸಿನದನ್ನು ಬರೆದು ರೂಢಿಯಿಲ್ಲ. ಕಳೆದ ವರ್ಷದ ಜೂನ್ ತಿಂಗಳ ಪುಟಗಳನ್ನು ಯಾರಾದರೂ ಓದಿದರೆ ಪ್ರವಾಸಕ್ಕೆ ಹೋದ ಹುಡುಗಿಯ ಬರಹ ಅಂದುಕೊಳ್ಳುತ್ತಾರೆ. ಕೋಟೆ, ಗುಮ್ಮಟ, ತೋಪು, ಭಾಲ್ಕಿ ಎಲ್ಲ ಇವೆ ಅದರಲ್ಲಿ. ನನಗೆ ಊರು ತೋರಿಸುತ್ತಿದ್ದದ್ದು ನಿಜ. ಯಾಕೆ ತೋರಿಸುತ್ತಿದ್ದರು ಅನ್ನುವುದು ಮಾತ್ರ ಆ ಪುಟಗಳಲ್ಲಿ ಇಲ್ಲ.

ನಮ್ಮೂರು ಔರಾದ ತಾಲ್ಲೂಕಿನ ಚಿಂತಾಕಿ. ಭಾಲ್ಕಿಯಲ್ಲಿ ಬಿ.ಎಸ್ಸಿ. ಮುಗಿಸಿ ಒಂದರ ಹಿಂದೆ ಒಂದು ಪರೀಕ್ಷೆ ಬರೆಯುತ್ತಿದ್ದೆ. ಎಲ್ಲದರಲ್ಲೂ ಒಂದಿಷ್ಟು ಅಂಕಕ್ಕೆ ಹಿಂದೆ ಬೀಳುವುದು ಅಭ್ಯಾಸವಾಗಿಹೋಗಿತ್ತು. ಕೊನೆಗೆ ದೂರದ ಈಶಾನ್ಯದ ಗುಡ್ಡದ ಊರೊಂದರಿಂದ ಆದೇಶ ಬಂತು. ಹವಾಮಾನ ಕೇಂದ್ರದಲ್ಲಿ ವೀಕ್ಷಕಿಯ ಕೆಲಸ, ಮೊದಲು ತರಬೇತಿ. ಹೇಳಿದ ದಿನ ಹಾಜರಾಗದಿದ್ದರೆ ಜಾಗ ಪಟ್ಟಿಯಲ್ಲಿ ಮುಂದಿನವರಿಗೆ ಹೋಗುತ್ತದೆ ಎಂದು ದಪ್ಪ ಅಕ್ಷರದಲ್ಲಿ ಬರೆದಿತ್ತು. ನಾನು ಶಾಲೆಗೆ ಹೋಗುವಾಗಿನಿಂದ ಅಂಗಳದಲ್ಲಿ ಬಾಟಲಿ ಇಟ್ಟು ಮಳೆ ಅಳೆಯುತ್ತಿದ್ದವಳು. ಆಯಿ, ಅಂದರೆ ಅಪ್ಪನ ತಾಯಿ, ಆದೇಶದ ಸುದ್ದಿ ಕೇಳಿ ಓಣಿಯಲ್ಲೆಲ್ಲ ಹೇಳಿಕೊಂಡು ಬಂದಳು: "ನಮ್ಮ ನಂದಾನ ಬಾಟ್ಲಿಗಿ ಸರಕಾರ ಪಗಾರ ಕೊಡ್ತದಂತ!"

ತೊಡಕು ಒಂದೇ. ಹಾಜರಾಗುವ ದಿನ ಆಷಾಢದಲ್ಲಿ ಬಿದ್ದಿತ್ತು. ಆಯಿ ಉದಗೀರ ಕಡೆಯ ಮನೆತನದವಳು, ಪಂಚಾಂಗ ಬಿಟ್ಟು ಹೊಸ್ತಿಲು ದಾಟಿದವಳಲ್ಲ. ಅಪ್ಪ ಬಸವಣ್ಣನವರ ದಾರಿಯವರು, ತಿಥಿ ಮುಹೂರ್ತ ಅಂದರೆ ನಗುವವರು.

"ಆಷಾಢದಾಗ ಹೆಣ್ಣಮಗಳು ಒಬ್ಬಾಕಿ ಅಷ್ಟು ದೂರ ಹೋಗ್ತಾಳಂತ?" ಎಂದು ಆಯಿ ಶುರು ಮಾಡಿದಳು.

"ಸರಕಾರಕ್ಕ ಆಷಾಢ ಗೊತ್ತಿಲ್ಲವ್ವ. ಶರಣರಿಗೂ ಗೊತ್ತಿದ್ದಿಲ್ಲ."

"ನಿನ್ನ ಶರಣರಿಗಿ ರೈಲು ಹಿಡೀಬೇಕಿತ್ತೇನು? ಸುಮ್ನ ಕೂಡು. ಆಕಿ ಹೋಗೂದು ಬ್ಯಾಡ ಅಂದೀನೇನು ನಾ? ಹ್ಯಾಂಗ ಹೋಗಬೇಕು ಅಂತ ಹೇಳ್ಲತ್ತೀನಿ."

ಹೇಗೆಂದರೆ, ಪ್ರಸ್ಥಾನ ಇಡಬೇಕು. ಹೊರಡಬೇಕಾದ ದಿನ ಒಳ್ಳೆಯದಿಲ್ಲದಿದ್ದರೆ ಅದಕ್ಕಿಂತ ಮುಂಚಿನ ಒಳ್ಳೆಯ ದಿನವೇ ಮನೆ ಬಿಟ್ಟು ಬೇರೆಯವರ ಮನೆಯಲ್ಲಿ ಉಳಿಯುವುದು. ಆ ಹೊತ್ತಿಗೇ ಪ್ರಯಾಣ ಶುರುವಾದ ಲೆಕ್ಕ. ಜೊತೆಗೆ ಒಂದು ಗಂಟು ಇರುತ್ತದೆ. ಅದರೊಳಗೆ ಒಂದು ಹಿಡಿ ಜೋಳ, ಅರಿಶಿನ ಕೊಂಬು, ಅಡಿಕೆ. ಆಮೇಲೆ ಎರಡು ನೇಮ. ಹೋದ ಕೆಲಸ ಆಗುವವರೆಗೆ ತಿರುಗಿ ಮನೆಯೊಳಗೆ ಕಾಲಿಡಬಾರದು. ಗಂಟನ್ನು ವಾಪಸು ಬಂದ ದಿನ ನಮ್ಮದೇ ಹೊಸ್ತಿಲ ಮೇಲೆ ಕುಳಿತು ಬಿಚ್ಚಬೇಕು, ಅದಕ್ಕೆ ಮುಂಚೆ ಎಲ್ಲೂ ಬಿಚ್ಚಬಾರದು.

ಹೀಗೆ ಮಣ್ಣೆತ್ತಿನ ಅಮಾವಾಸ್ಯೆ ಇನ್ನೂ ಮೂರು ದಿನ ಇರುವಾಗಲೇ ನಾನು ಹೊರಟೆ. ರೈಲು ಇದ್ದದ್ದು ಅಮಾವಾಸ್ಯೆಯ ಮರುದಿನ. ನಡುವಿನ ದಿನಗಳಿಗೆ ನೌಬಾದದಲ್ಲಿ ಅತ್ತೆಯ ಮನೆ. ಹೊರಡುವ ಬೆಳಗ್ಗೆ ಆಯಿ ಅಜ್ಜನ ಹಳೆಯ ರುಮಾಲಿನ ಒಂದು ತುಂಡು ಹರಿದು ಗಂಟು ಕಟ್ಟಿದಳು. ಹಲ್ಲಿಲ್ಲದ ಬಾಯಿಯಿಂದ ಬಟ್ಟೆಯ ತುದಿ ಕಚ್ಚಿ ಎಳೆದು ಬಿಗಿ ಮಾಡಿದಳು. "ಹೊಳ್ಳಿ ನೋಡಬ್ಯಾಡ ಮತ್ತ," ಅಂದಳು. ಬಸ್ಸಿನವರೆಗೆ ನಾನು ಹೊರಳಿ ನೋಡಲಿಲ್ಲ. ಹೇಳಿದ್ದನ್ನು ಹೇಳಿದಂತೆ ಮಾಡುವುದು ನನ್ನ ಸ್ವಭಾವ.

ಬೀದರ್ ಎಂದರೆ ಅಲ್ಲಿಯವರೆಗೆ ನನಗೆ ಬಸ್‌ಸ್ಟ್ಯಾಂಡ್ ಮಾತ್ರ. ಔರಾದದ ಬಸ್ಸಿನಿಂದ ಇಳಿದು ಭಾಲ್ಕಿಯ ಬಸ್ಸಿಗೆ ಓಡುವ ಜಾಗ. ಅತ್ತೆಯ ಗಂಡ, ನಮ್ಮ ಮಾವ, ನೌಬಾದದಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ ಇಟ್ಟುಕೊಂಡವರು. ಅಂಗಡಿ ಬಿಟ್ಟು ಲಗ್ನಕ್ಕೂ ಹೋಗುವ ಜನವಲ್ಲ. ಮರುದಿನ ಬೆಳಗ್ಗೆ ಅವರು ಷಟರ್ ಎಳೆದು, ಬೈಕ್ ಒರೆಸಿ, "ನಡಿ, ನಿನಗ ಬೀದರ್ ತೋರಸ್ತೀನಿ," ಅಂದಾಗ ನನಗೆ ಖುಷಿಯಾಯಿತು. ಮಳೆಗಾಲ ಬಂತು, ಹೊಲದ ಮೋಟಾರುಗಳಿಗೆ ಕೆಲಸವಿಲ್ಲ, ಅದಕ್ಕೇ ಬಿಡುವಾಗಿದ್ದಾರೆ ಎಂದುಕೊಂಡೆ.

ರಾತ್ರಿಯ ಮಳೆಗೆ ಕೋಟೆಯ ಕೆಂಪು ಕಲ್ಲು ನೆನೆದು ಹಸಿ ಇಟ್ಟಿಗೆಯಂತೆ ಕಾಣುತ್ತಿತ್ತು. ರಂಗೀನ್ ಮಹಲಿನ ಕರಿಕಲ್ಲಿನಲ್ಲಿ ಕೂಡಿಸಿದ ಮುತ್ತಿನ ಚಿಪ್ಪನ್ನು ತೋರಿಸಿ ಮಾವ ದನಿ ತಗ್ಗಿಸಿದರು. "ಇದು ಬರೀ ಚಿಪ್ಪು. ನಿಮ್ಮ ಅತ್ತಿಗಿ ಹೇಳಬ್ಯಾಡ. ಲಗ್ನ ಆದ ಹೊಸದಾಗಿ ಕರಕೊಂಡು ಬಂದು ವಜ್ರ ಅಂತ ಹೇಳೀನಿ."

"ಅತ್ತಿ ನಂಬಿದಳೇನ್ರಿ?"

"ನನ್ನ ನಂಬಿ ಲಗ್ನ ಆದಾಕಿ, ಚಿಪ್ಪು ನಂಬಲ್ಲೇನು?"

ಬುರುಜಿನ ಮೇಲಿನ ದೊಡ್ಡ ತೋಪಿನ ಹತ್ತಿರ ಅವರಿಗೆ ಫೋನ್ ಬಂತು. ದೂರ ಹೋಗಿ ಮರಾಠಿಯಲ್ಲಿ ಮಾತಾಡಿದರು. ತಿರುಗಿ ಬಂದ ಮೇಲೆ ತೋಪಿನ ಬಗ್ಗೆ ಹೇಳುತ್ತಿದ್ದ ಜೋಕನ್ನು ಅರ್ಧಕ್ಕೇ ಬಿಟ್ಟರು. ನಾನು ನೆನಪಿಸಿದರೂ ಅದು ಮುಂದುವರಿಯಲಿಲ್ಲ.

ಮಧ್ಯಾಹ್ನ ಅಷ್ಟೂರಿನ ಗುಮ್ಮಟಗಳಿಗೆ ಹೋದೆವು. ಅಲ್ಲಿ ಸಿಡಿಲು ಬಡಿದ ಗೋರಿಯೊಂದಿದೆ. ಗುಮ್ಮಟದ ಒಂದು ಕಡೆ ಪೂರ್ತಿ ಬಿದ್ದುಹೋಗಿ, ಇನ್ನೊಂದು ಕಡೆ ಹಾಗೇ ನಿಂತಿದೆ. ಒಳಗೆ ನಿಂತರೆ ಅರ್ಧ ಸುಣ್ಣದ ಗೋಡೆ, ಅರ್ಧ ಆಕಾಶ. ನಾನು ದಿನಚರಿಗೆಂದು ಚಿತ್ರ ಬರೆದುಕೊಳ್ಳುತ್ತಿದ್ದಾಗ ಮಾವ ಪಕ್ಕದಲ್ಲಿ ನಿಂತಿದ್ದರು. "ಅರ್ಧ ಹೋದ್ರೂ ನಿಂತದ ನೋಡು," ಅಂದರು. ಅವರು ಅಂಥ ಮಾತಾಡುವವರಲ್ಲ. ನಾನು ತಲೆಯೆತ್ತಿ ನೋಡಿದರೆ ಬೈಕಿನ ಕಡೆ ನಡೆದುಬಿಟ್ಟಿದ್ದರು.

ಸಂಜೆ ಮನೆಗೆ ಫೋನ್ ಮಾಡಿದೆ. ಅವ್ವ ಎತ್ತಿದಳು. ಆಯಿಗೆ ಕೊಡು ಅಂದೆ.

"ಮಲಗ್ಯಾಳವ್ವ."

"ಇಷ್ಟು ಲಗೂನ?"

"ಥಂಡಿ ಅದಲ್ಲ, ಮಲಗ್ಯಾಳ."

ಅಪ್ಪನಿಗೆ ಮಾಡಿದೆ. ಹೊಲದಲ್ಲಿದ್ದೇನೆ, ತೊಗರಿ ಬಿತ್ತನೆ ನಡೆದಿದೆ, ಆಮೇಲೆ ಮಾತಾಡೋಣ ಅಂದರು. ಅವರ ಮಾತಿನ ಹಿಂದೆ ಟಿಕ್ ಟಿಕ್ ಎನ್ನುವ ಸದ್ದು ಕೇಳುತ್ತಿತ್ತು. ಹಳೆಯ ಸೀಲಿಂಗ್ ಫ್ಯಾನು ತಿರುಗುವಾಗ ಬರುವ ಸದ್ದು. ಹೊಲದಲ್ಲಿ ಫ್ಯಾನು ಎಲ್ಲಿಂದ ಬಂತು ಎಂದು ಯೋಚಿಸಿದೆ. ಬಿತ್ತುವ ಕೂರಿಗೆಯ ಸದ್ದೇ ಇರಬೇಕೆಂದು ನನಗೆ ನಾನೇ ಹೇಳಿಕೊಂಡೆ. ಮನಸ್ಸು ಬೇಡವೆಂದಾಗ ಕಿವಿ ಎಷ್ಟು ಚೆನ್ನಾಗಿ ಮಾತು ಕೇಳುತ್ತದೆ ಎಂದು ಈಗ ಆಶ್ಚರ್ಯವಾಗುತ್ತದೆ.

ಮರುದಿನ ಮಾವ ಭಾಲ್ಕಿ ತೋರಿಸುತ್ತೇನೆ ಅಂದರು.

"ಮಾಮಾ, ನಾ ಮೂರು ವರ್ಷ ಭಾಲ್ಕಿದಾಗೇ ಓದೀನ್ರಿ."

"ಓದೀದಿ. ನೋಡೀದೇನು? ಕಾಲೇಜು, ಹಾಸ್ಟೆಲ್ಲು, ಬಸ್‌ಸ್ಟ್ಯಾಂಡ್ ಬಿಟ್ಟು ಏನ್ ನೋಡೀದಿ ಹೇಳು."

ಆ ಮಾತು ಸುಳ್ಳಾಗಿರಲಿಲ್ಲ. ಭಾಲ್ಕಿಯ ಕೋಟೆಯ ಗೋಡೆಯನ್ನು ನಾನು ದಿನವೂ ನೋಡಿದ್ದರೂ ಒಳಗೆ ಹೋಗಿರಲಿಲ್ಲ. ಅವತ್ತು ಹೋದೆ. ಅಲ್ಲಿಂದ ಮಾವ ತಮ್ಮ ಊರು ಭಾತಂಬ್ರಾಕ್ಕೆ ಕರೆದುಕೊಂಡು ಹೋದರು. ಬಿತ್ತನೆಯ ಹೊತ್ತಿನಲ್ಲಿ ಊರೆಲ್ಲ ಹೊಲದಲ್ಲಿರುವಾಗ ಅವರ ಅಣ್ಣನ ಮನೆಯವರು ನನಗಾಗಿ ಹೂರಣದ ಹೋಳಿಗೆ ಮಾಡಿ ಕಾಯುತ್ತಿದ್ದರು. ಬೇಡವೆಂದರೂ ಬಡಿಸುತ್ತಲೇ ಇದ್ದರು. ಊಟವಾದ ಮೇಲೂ ಹೊರಡಲು ಬಿಡಲಿಲ್ಲ, ಅದು ನೋಡು ಇದು ನೋಡು ಎಂದು ಹಿತ್ತಿಲಿನ ಎಮ್ಮೆಯವರೆಗೆ ತೋರಿಸಿದರು. ನಾನು ತಿನ್ನುತ್ತಿದ್ದ ಅದೇ ಹೊತ್ತಿಗೆ ಔರಾದದಿಂದ ಬೀದರಕ್ಕೆ ಒಂದು ಆಂಬ್ಯುಲೆನ್ಸ್ ಬರುತ್ತಿತ್ತು. ನಾನು ನೌಬಾದದ ರಸ್ತೆಯಲ್ಲೆಲ್ಲೂ ಇರಬಾರದೆಂದು ನನ್ನನ್ನು ಭಾತಂಬ್ರಾದಲ್ಲಿ ಕೂಡಿಸಿದ್ದರು. ಆ ಹೋಳಿಗೆಯ ರುಚಿ ದಿನಚರಿಯಲ್ಲಿದೆ. "ಯಾಲಕ್ಕಿ ಹೆಚ್ಚು" ಎಂದು ಬರೆದಿದ್ದೇನೆ.

ಅಮಾವಾಸ್ಯೆಯ ಬೆಳಗ್ಗೆ ಮಳೆ ನಿಂತಿತ್ತು. ಅತ್ತೆ ಪೇಟೆಯಿಂದ ತಂದ ಮಣ್ಣಿನ ಎತ್ತುಗಳು ಕಟ್ಟೆಯ ಮೇಲೆ ಪೂಜೆಗೆ ಕಾದಿದ್ದವು. ಅಡುಗೆಮನೆಯಿಂದ ಅಜಿವಾನದ ವಾಸನೆ ಬಂತು. ಹೋಗಿ ನೋಡಿದರೆ ಅತ್ತೆ ನುಚ್ಚನ್ನು ತೆಳ್ಳಗೆ ಬೇಯಿಸಿ, ಆರಿಸಿ, ಗಂಟಿಲ್ಲದಂತೆ ಬೆರಳಿನಿಂದ ಹಿಸುಕುತ್ತಿದ್ದಳು. ಹತ್ತಿರ ಪುಟ್ಟ ಡಬ್ಬಿ ತೆರೆದಿತ್ತು.

"ಯಾರಿಗತ್ತಿ ಇದು?"

"ಬೆಕ್ಕಿಗಿ."

ಅತ್ತೆಯ ಮನೆಯಲ್ಲಿ ಬೆಕ್ಕಿಲ್ಲ. ನಾನು ಒಂದು ತುತ್ತು ತೆಗೆದು ಬಾಯಿಗೆ ಹಾಕಿಕೊಂಡೆ. ಉಪ್ಪಿರಲಿಲ್ಲ. ಉಪ್ಪಿಲ್ಲದ, ಅಜಿವಾನ ಹಾಕಿದ ನುಚ್ಚನ್ನು ಈ ಭೂಮಿಯ ಮೇಲೆ ಒಬ್ಬಳೇ ತಿನ್ನುತ್ತಾಳೆ. ಬಿ.ಪಿ. ಬಂದು ಡಾಕ್ಟರು ಉಪ್ಪು ಬಿಡಿಸಿದಾಗ ಬಾಯಿ ಸಪ್ಪಗಾಗುತ್ತದೆಂದು ಅಜಿವಾನ ಹಾಕಿಸಿಕೊಳ್ಳಲು ಶುರು ಮಾಡಿದವಳು.

"ಆಯಿ ಎಲ್ಲಿದ್ದಾಳತ್ತಿ?"

ಅತ್ತೆಯ ಕೈ ಪಾತ್ರೆಯಲ್ಲೇ ನಿಂತಿತು. ಬಾಗಿಲಲ್ಲಿ ಮಾವ ಬಂದು ನಿಂತಿದ್ದರು. "ಹೇಳಿಬಿಡು ಇನ್ನ," ಅಂದರು. "ಎಷ್ಟಂತ ಗುಮ್ಮಟ ತೋರಸ್ಲಿ ನಾ?"

ನಾನು ಹೊರಟ ಸಂಜೆಯೇ ಆಯಿ ಅಂಗಳದಲ್ಲಿ ನನ್ನ ಮಳೆಯ ಬಾಟಲಿ ಎತ್ತಿಡಲು ಬಗ್ಗಿದವಳು ಬಿದ್ದಿದ್ದಳು. ಪಾರ್ಶ್ವವಾಯು. ಮೊದಲು ಔರಾದದ ಆಸ್ಪತ್ರೆ, ಆಮೇಲೆ ಬೀದರ್. ಭಾಲ್ಕಿಯಿಂದ ಬರುವಾಗ ಹೋಳಿಗೆ ತಿಂದ ಮೈಭಾರದಲ್ಲಿ ನಾನು ಆ ಆಸ್ಪತ್ರೆಯ ಎದುರಿನಿಂದಲೇ ಹಾದುಬಂದಿದ್ದೆ.

ಅತ್ತೆ ಮಾವನ ಜೊತೆ ಆಸ್ಪತ್ರೆಯ ಮೆಟ್ಟಿಲು ಹತ್ತುವಾಗಲೇ ಟಿಕ್ ಟಿಕ್ ಎನ್ನುವ ಸದ್ದು ಕೇಳಿತು. ಔರಾದದ್ದೇ ಬೇರೆ ಫ್ಯಾನು, ಇದೇ ಬೇರೆ. ಸದ್ದು ಮಾತ್ರ ಒಂದೇ. ಅಪ್ಪ ಮಂಚದ ಪಕ್ಕದ ಸ್ಟೂಲಿನ ಮೇಲಿದ್ದರು. ಗಡ್ಡ ಬೆಳೆದಿತ್ತು. ಅಂಗಿಯ ಜೇಬಿನಲ್ಲಿ ಬಿತ್ತದೆ ಉಳಿದ ತೊಗರಿಯ ಕಾಳುಗಳಿದ್ದವು. ನನ್ನನ್ನು ಕಂಡದ್ದೇ ಅತ್ತೆಯ ಮೇಲೆ ಸಿಟ್ಟಾದರು. "ಯಾಕ ಕರಕೊಂಡು ಬಂದೀ ಆಕಿಗಿ?"

"ನಾನೇ ಬಂದೀನಿ ಅಪ್ಪಾ. ಯಾಕ ಹೇಳಲಿಲ್ರಿ ನನಗ?"

ಅಪ್ಪ ಆಯಿಯ ಕಡೆ ತಿರುಗಿದರು. ಆಯಿಯ ಬಲಗಡೆಯ ಬಾಯಿ ಇಳಿದು, ಬಲಗೈ ಚಾದರದ ಮೇಲೆ ಯಾರೋ ಇಟ್ಟುಹೋದ ಸಾಮಾನಿನಂತೆ ಬಿದ್ದಿತ್ತು. ಕಣ್ಣು ತೆರೆದಿತ್ತು.

"ಮಾತು ಹೋಗೂಕಿಂತ ಮೊದಲ ಒಂದೇ ಅಂದಾಳ," ಅಪ್ಪ ಹೇಳಿದರು. "ನಂದಾಗ ಹೇಳಬ್ಯಾಡ್ರಿ, ತಿರುಗಿ ಬಂದ್ರ ಗಂಟು ಕೆಡತದ ಅಂತ. ಅದಾದ ಮ್ಯಾಲ ಮಾತೇ ಇಲ್ಲ."

"ನೀವು ಇದೆಲ್ಲ ನಂಬಲ್ಲಲ್ರಿ ಅಪ್ಪಾ."

"ನಾ ಮುಹೂರ್ತ ನಂಬಲ್ಲ. ನಮ್ಮವ್ವ ಕಡೀಗಿ ಆಡಿದ ಮಾತು ಹ್ಯಾಂಗ ಬಿಡ್ಲಿ?"

ನಾನು ಹೋಗುವುದಿಲ್ಲ ಅಂದೆ. ರೈಲು ಬೇಡ, ಕೆಲಸ ಬೇಡ ಅಂದೆ. ಅಳುತ್ತ ಹೇಳಿದೆನೋ ಕೂಗಿ ಹೇಳಿದೆನೋ ನೆನಪಿಲ್ಲ, ಆಚೆ ಮಂಚದವರು ತಿರುಗಿ ನೋಡಿದ್ದು ನೆನಪಿದೆ. ಅಪ್ಪ ಹೋಗು ಅನ್ನಲಿಲ್ಲ, ಇರು ಅಂತಲೂ ಅನ್ನಲಿಲ್ಲ. ಡಾಕ್ಟರಿಗೆ ಕೇಳಿದೆ, ನಾನು ಬರುವವರೆಗೆ ಇರುತ್ತಾಳೆಯೇ ಎಂದು. ಅದನ್ನು ಯಾರೂ ಹೇಳಲಾಗದು ಅಂದರು. ಆ ಮಧ್ಯಾಹ್ನ ನನಗೆ ಬೇಕಾಗಿದ್ದದ್ದು ಯಾರಾದರೂ ಹೇಳುವ ಒಂದು ಮಾತು. ಹೇಳಿದಂತೆ ಮಾಡುವವಳು ನಾನು. ಹೇಳುವವಳು ಬಾಯಿ ಕಟ್ಟಿ ಮಲಗಿದ್ದಳು.

ಆಗ ಅವಳ ಎಡಗೈ ನೋಡಿದೆ. ಹೆಬ್ಬೆರಳು ಮತ್ತು ತೋರುಬೆರಳು ಚಾದರದ ಅಂಚನ್ನು ಹಿಡಿದು ತಿರುವುತ್ತಿದ್ದವು, ಬಿಡುತ್ತಿದ್ದವು, ಮತ್ತೆ ತಿರುವುತ್ತಿದ್ದವು.

"ಔರಾದದಾಗಿಂದ ಹಿಂಗೇ ಮಾಡ್ಲತ್ತಾಳ," ಅಂದರು ಅಪ್ಪ. "ತುರಿಕಿ ಇರಬೇಕಂತ ಸಿಸ್ಟರ್ ಮುಲಾಮು ಹಚ್ಚ್ಯಾಳ."

ತುರಿಕೆ ಅಲ್ಲ. ಅವಳು ಬಟ್ಟೆಗೆ ಗಂಟು ಹಾಕುತ್ತಿದ್ದಳು.

ಮಾವ ಬೈಕಿನಲ್ಲಿ ಹೋಗಿ ಅತ್ತೆಯ ದೇವರ ಮಾಡದಿಂದ ಗಂಟು ತಂದರು. ನಾನು ಅದನ್ನು ಅವಳ ಎಡಗೈಗೆ ಇಟ್ಟೆ. ಬೆರಳುಗಳು ಕೂಡಲೇ ಸುಮ್ಮನಾದವು. ಬಟ್ಟೆಯನ್ನು ಮುಟ್ಟಿ ಮುಟ್ಟಿ ನೋಡಿ, ಬಿಗಿಯಾಗಿದೆ ಎಂದು ಗೊತ್ತು ಮಾಡಿಕೊಂಡಳು. ಆಮೇಲೆ ಕೈಯನ್ನು ಎದೆಯ ಮೇಲಿಂದ ಜಾರಿಸಿ, ಹಾಸಿಗೆಯ ಅಂಚಿನ ಕಡೆಗೆ, ಬಾಗಿಲಿನ ಕಡೆಗೆ ತಳ್ಳಿದಳು.

"ಹೋಗು ಅಂದಳು," ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಅಪ್ಪನೂ ಹಾಗೇ ತಿಳಿದರು, ಮಾವನೂ ತಿಳಿದರು. ನಾನು ಗಂಟು ತೆಗೆದುಕೊಳ್ಳಲು ಕೈ ಚಾಚಿದೆ. ಅವಳು ಬಿಡಲಿಲ್ಲ. ತೋಳು ತಳ್ಳುತ್ತಿತ್ತು, ಬೆರಳು ಹಿಡಿದಿತ್ತು. ಒಂದೇ ಕೈಯಲ್ಲಿ ಎರಡೂ ನಡೆದಿದ್ದವು. ರೋಗ ಬಿಗಿಹಿಡಿದ ಬೆರಳೋ, ಮನಸ್ಸು ಬಿಗಿಹಿಡಿದ ಬೆರಳೋ, ಯಾರಿಗೆ ಕೇಳಲಿ? ನಾನು ಅವಳ ಮುಖ ನೋಡಿದೆ. ಎಡಗಣ್ಣಿನಿಂದ ನೀರು ಕಿವಿಯ ಕಡೆಗೆ ಇಳಿಯುತ್ತಿತ್ತು. ಕಡೆಗೆ ಅಪ್ಪ ಒಂದೊಂದೇ ಬೆರಳನ್ನು ಮಗುವಿನ ಮುಷ್ಟಿ ಬಿಡಿಸುವಂತೆ ಬಿಡಿಸಿ, ಗಂಟನ್ನು ನನ್ನ ಕೈಗೆ ಕೊಟ್ಟರು.

"ಹೊಳ್ಳಿ ನೋಡಬ್ಯಾಡ," ಅಂದರು. ಅವರ ಬಾಯಲ್ಲಿ ಆ ಮಾತು ಹೊಸದು.

ಈ ಸಲ ನೋಡಿದೆ. ವಾರ್ಡಿನ ಬಾಗಿಲಲ್ಲಿ ನಿಂತು ನೋಡಿದೆ. ಅವಳ ಎರಡು ಬೆರಳು ಮತ್ತೆ ಚಾದರ ಹುಡುಕುತ್ತಿದ್ದವು.

ಮರುದಿನ ಬೆಳಗಿನ ರೈಲಿಗೆ ಮಾವ ಕೂಡಿಸಿದರು. ದಾರಿಯಲ್ಲಿ ಒಂದೂ ಜೋಕು ಹೇಳಲಿಲ್ಲ. ಹೈದರಾಬಾದಿನಲ್ಲಿ ಗಾಡಿ ಬದಲಿಸಿ, ನದಿಗಳ ಮೇಲೆ ನದಿ ದಾಟುತ್ತ ಹೋದೆ. ಒಬ್ಬಳೇ ಪ್ರಯಾಣ ಹೇಗಾಯಿತು ಎಂದು ಆಮೇಲೆ ಗೆಳತಿಯರು ಕೇಳಿದರು. ಗಂಟು ತೊಡೆಯ ಮೇಲಿತ್ತು ಎನ್ನುವುದು ಬಿಟ್ಟರೆ ಹೇಳಲು ಏನೂ ಇಲ್ಲ. ಪ್ರತಿ ದೊಡ್ಡ ಸ್ಟೇಷನ್ನಿನಲ್ಲೂ ಇಳಿದು ವಾಪಸು ಹೋಗುವ ಗಾಡಿ ಯಾವುದಿದೆ ಎಂದು ಫಲಕ ನೋಡಿದೆ, ಮತ್ತೆ ಹತ್ತಿದೆ.

ಆಯಿ ಶ್ರಾವಣದಲ್ಲಿ ಹೋದಳು. ಗುಡ್ಡದ ಮೇಲೆ ನಾನು ಮಳೆಮಾಪಕದ ನೀರು ಅಳೆಯುತ್ತಿದ್ದಾಗ ಅಪ್ಪನ ಫೋನ್ ಬಂತು. ಎಲ್ಲ ಮುಗಿದ ಮೇಲೆ ಮಾಡಿದ್ದರು. ಆ ದಿನದ ಅಂಕಿ ತಪ್ಪದೇ ಬರೆದೆ. ಆ ಊರಿನಲ್ಲಿ ಬೀಳುವ ಮಳೆ ಚಿಂತಾಕಿಯವರು ಕೇಳಿದರೆ ನಂಬುವುದಿಲ್ಲ. ಆಯಿ ನಂಬುತ್ತಿದ್ದಳು.

ಈ ವರ್ಷ ಜೂನಿನಲ್ಲಿ ಮೊದಲ ಸಲ ರಜೆ ಸಿಕ್ಕಿತು. ನೌಬಾದದಲ್ಲಿ ಇಳಿದವಳು ಅಲ್ಲೇ ಉಳಿದೆ. ಕೋಟೆಗೆ ಹೋದೆ, ಅಷ್ಟೂರಿಗೆ ಹೋದೆ, ಅರ್ಧ ಗುಮ್ಮಟದೊಳಗೆ ನಿಂತೆ. ಈ ಸಲ ನನ್ನನ್ನು ಯಾರೂ ತಡೆದು ನಿಲ್ಲಿಸಿರಲಿಲ್ಲ. ಮೊನ್ನೆ ಬೆಳಗ್ಗೆ ನುಚ್ಚಿನ ವಾಸನೆಗೆ ನಾನು ಬಾಗಿಲಲ್ಲಿ ನಿಂತಾಗ ಅತ್ತೆ ಒಲೆ ಆರಿಸಿ ಹತ್ತಿರ ಬಂದಳು.

"ಎಷ್ಟು ದಿನ ನೋಡ್ತಿ ಈ ಬೀದರ್? ಔರಾದದ ಬಸ್ ಹತ್ತು ಇನ್ನ. ನಿಮ್ಮವ್ವ ದಾರಿ ನೋಡ್ಲತ್ತಾಳ."

ಚಿಂತಾಕಿ ಮುಟ್ಟುವಾಗ ಮೋಡ ಕವಿದಿತ್ತು. ಅವ್ವ ಓಡಿ ಬಂದು ಬ್ಯಾಗ್ ತೆಗೆದುಕೊಂಡಳು. ನಾನು ಹೊಸ್ತಿಲ ಮೇಲೆ ಕುಳಿತು ಗಂಟು ತೆಗೆದೆ. ಒಳಗೆ ಜೋಳ ಹುಳ ಹಿಡಿದು ಹಿಟ್ಟಾಗಿತ್ತು, ಬಟ್ಟೆಯ ಎಳೆಯಿಂದ ಪುಡಿ ಉದುರುತ್ತಿತ್ತು. ಉಗುರು ಹಾಕಿ ನೋಡಿದೆ, ಬರಲಿಲ್ಲ. ಹಲ್ಲಿಲ್ಲದ ಬಾಯಿಯಿಂದ ಎಳೆದ ಗಂಟು ಅಷ್ಟು ಬಿಗಿಯಾಗಿತ್ತು. ಅವ್ವ ಒಳಗಿನಿಂದ ಕತ್ತರಿ ತಂದಳು. ಅಪ್ಪ ಕೈ ಅಡ್ಡ ಹಿಡಿದರು.

"ಕತ್ತರಿ ಹಚ್ಚಬ್ಯಾಡ. ಆಕಿ ಕೈಲೆ ಕಟ್ಟಿದ್ದದ."

ಅವರೂ ಪಕ್ಕದಲ್ಲಿ ಕುಳಿತು ಪ್ರಯತ್ನಿಸಿದರು. ಅವತ್ತು ಅವಳ ಬೆರಳು ಬಿಡಿಸಿದ ಕೈ ಇವತ್ತು ಅವಳ ಗಂಟಿನ ಎಳೆ ಹುಡುಕುತ್ತಿತ್ತು. ಬಿಚ್ಚುವವರೆಗೆ ನಾನು ಇನ್ನೂ ಹೋಗುತ್ತಿರುವವಳೇ, ಅವಳು ಇನ್ನೂ ನನ್ನನ್ನು ಕಳಿಸುತ್ತಿರುವವಳೇ. ಅದು ಬಿಚ್ಚಲಿ ಎಂದು ಎಳೆದೆನೋ, ಬಿಚ್ಚದಿರಲಿ ಎಂದು ಎಳೆದೆನೋ ನನಗೆ ಗೊತ್ತಾಗಲಿಲ್ಲ.

ಅಂಗಳದಲ್ಲಿ ದಪ್ಪ ಹನಿ ಶುರುವಾಯಿತು. ಒಳಗೆ ಬಾ ಎಂದು ಅವ್ವ ಕರೆದಳು. ನಾವಿಬ್ಬರೂ ಏಳಲಿಲ್ಲ. ಮಳೆ ಬಿದ್ದು ರುಮಾಲಿನ ಬಟ್ಟೆ ನೆನೆಯಿತು, ನೆನೆದ ಗಂಟು ಇನ್ನಷ್ಟು ಬಿಗಿಯಾಯಿತು.